ಬಳೆ ಹೆಚ್ಚಿಸುವ ಮಾತು

ನಮ್ಮ ಕಡೆ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಬಾವಿಯ ಕಟ್ಟೆಗೆ ಕೈ ತಾಗಿ ಗಾಜು ಚೂರುಚೂರಾದರೂ ಹೆಂಗಸರು "ಬಳಿ ಹೆಚ್ಚಿತು" ಎನ್ನುತ್ತಾರೆಯೇ ಹೊರತು ಬೇರೆ ಮಾತು ಬಾಯಿಗೆ ತರುವುದಿಲ್ಲ. ಪುಣೆಯ ಮರಾಠಿ ಹೆಂಗಸರೂ ಹೀಗೆಯೇ. ಅವರ ಬಾಯಲ್ಲಿ ಬಾಂಗಡಿ 'ವಾಢತೇ', ಅಂದರೆ ಬೆಳೆಯುತ್ತದೆ. ಒಡೆಯುವ ಮಾತನ್ನು ಬಳೆಗೆ ಹಚ್ಚಿದರೆ ಗಂಡನ ಆಯುಷ್ಯಕ್ಕೆ ತಗಲುತ್ತದೆಂಬ ಹೆದರಿಕೆ. ಗಂಡ ಸತ್ತ ದಿನ ಹೆಂಡತಿಯ ಎರಡೂ ಕೈ ಹಿಡಿದು ಕಲ್ಲಿಗೆ ಕುಟ್ಟುವಾಗಲೂ ಮಾತು ಅದೇ, "ಬಳಿ ಹೆಚ್ಚಸ್ರಿ." ಕೈ ಮಾತ್ರ ಬರಿದಾಗುತ್ತದೆ.

ಸಾವಂತ್ರವ್ವ ಈ ಮಾತಿನೊಳಗೇ ಹುಟ್ಟಿ ಬೆಳೆದವಳು. ಬೆಟಗೇರಿಯ ಬಳೆಗಾರರ ಮಗಳು. ಹಗ್ಗಕ್ಕೆ ಪೋಣಿಸಿದ ಬಳೆಯ ಗೊಂಚಲಿಗೆ ಮಲಾರ ಎನ್ನುತ್ತಾರೆ. ಅದನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ ಹೆಂಗಸರಿಗೆ ತೊಡಿಸುವುದು ಅವಳ ಕಸುಬು. ಹೆಬ್ಬೆರಳಿನ ಬುಡದ ಎಲುಬನ್ನು ಒಳಗೆ ಒತ್ತಿ, ಮಾತಾಡಿಸುತ್ತ, ನಗಿಸುತ್ತ, ಕೈ ಸಡಿಲಾದ ಗಳಿಗೆಯಲ್ಲಿ ಬಳೆ ಜಾರಿಸಬೇಕು. ಹೆದರಿದ ಕೈಗೆ ಬಳೆ ಏರುವುದಿಲ್ಲ. ಹೀಗೆ ಸಾವಿರಾರು ಕೈ ಹಿಡಿದವಳಿಗೆ ಜನರ ಹೆದರಿಕೆ ಎಲ್ಲೆಲ್ಲಿ ಅಡಗಿರುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಅವಳೂ ಗಂಡ ಗೂಳಪ್ಪನೂ ಕ್ರಿಸ್ತನನ್ನು ನಂಬಿದ್ದು ಬೆಟಗೇರಿಯಲ್ಲಿ, ಪ್ಲೇಗಿನ ಕಾಲಕ್ಕೆ. ಇದ್ದೊಬ್ಬ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಊರಾಚೆ ಗುಡಿಸಲಲ್ಲಿ ಕುಳಿತಿದ್ದ ಗಂಡಹೆಂಡಿರ ಹತ್ತಿರಕ್ಕೆ ಒಡಹುಟ್ಟಿದವರೂ ಬರುತ್ತಿರಲಿಲ್ಲ. ಮಿಶನ್ನಿನ ಒಬ್ಬ ಮುದುಕ ಬೋಧಕ ಮಾತ್ರ ಗಂಜಿಯ ಗಡಿಗೆ ಹಿಡಿದುಕೊಂಡು ಬಂದ. ಅವನು ಹೇಳಿದ್ದರಲ್ಲಿ ಬಹಳಷ್ಟು ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಏಸು ಎಂಬಾತ ಸತ್ತು, ಸಾವಿನ ಮನೆಯೊಳಗೆ ಹೋಗಿ, ಅದರ ಬಾಗಿಲು ಮುರಿದು ಎದ್ದು ಬಂದ, ಅವನ ಕೈ ಹಿಡಿದವರನ್ನು ಸಾವು ಇಟ್ಟುಕೊಳ್ಳಲಾರದು.

"ಹಂಗಾರ ನನ್ನ ಮಗಳು?" ಎಂದು ಕೇಳಿದಳು.

"ಆತನ ಹತ್ರ ಅದಾಳ," ಎಂದ ಮುದುಕ.

ಅಷ್ಟು ನೆಟ್ಟಗೆ ಅವಳಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ದೀಕ್ಷಾಸ್ನಾನದ ದಿನ ಅವಳಿಗೆ ಮಾರ್ಥಾ ಎಂದು ಹೆಸರಿಟ್ಟರು. ಆ ಹೆಸರು ಸಭೆಯ ದಾಖಲೆಯಲ್ಲಿ ಉಳಿಯಿತು, ಬಾಯಲ್ಲಿ ಸಾವಂತ್ರವ್ವನೇ ಉಳಿದಳು. ಆಮೇಲೆ ಎಷ್ಟೋ ಪ್ರಸಂಗ ಕೇಳಿದಳು. ಆದರೆ ರಕ್ಷಣೆ ಎಂಬ ದೊಡ್ಡ ಮಾತು ಬಂದಾಗಲೆಲ್ಲ ಅವಳ ಮನಸ್ಸಿಗೆ ಬರುತ್ತಿದ್ದುದು ಆ ಗುಡಿಸಲ ಉತ್ತರವೇ.

ಗೂಳಪ್ಪನಿಗೆ ಖಡ್ಕಿಯ ಕಾರಖಾನೆಯಲ್ಲಿ ಬಡಗಿಯ ಕೆಲಸ ಸಿಕ್ಕಿ ಇಬ್ಬರೂ ಪುಣೆಗೆ ಬಂದರು. ಲಷ್ಕರದ, ಅಂದರೆ ದಂಡಿನ ಪ್ರದೇಶದ, ಭೋಪಳೆ ಚೌಕದ ಹಿಂದಿನ ಚಾಳಿನಲ್ಲಿ ಒಂದು ಖೋಲಿ, ಒಂದೇ ಕೋಣೆಯ ಮನೆ. ಪುಣೆಯಲ್ಲಿ ಆಗ ಕನ್ನಡ ಕ್ರೈಸ್ತರ ಮನೆಗಳು ಬೆರಳೆಣಿಕೆಯವು. ಸ್ವಂತ ದೇವಾಲಯವಿಲ್ಲ. ಮರಾಠಿ ಸಭೆಯವರು ಬೆಳಗಿನ ಆರಾಧನೆ ಮುಗಿಸಿ ಹೋದಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಅದೇ ದೇವಾಲಯದಲ್ಲಿ ಕನ್ನಡದವರು ಕೂಡುತ್ತಿದ್ದರು. ಬೋಧಕರು ಹುಬ್ಬಳ್ಳಿಯಿಂದ ಹಬ್ಬಕ್ಕೊಮ್ಮೆ ಬರುವವರು. ಉಳಿದ ದಿನಗಳಲ್ಲಿ ಸಭೆಯನ್ನು ನಡೆಸುತ್ತಿದ್ದವನು ಹಿರಿಯ ಮುರುಗೆಪ್ಪ, ಫೌಜಿನ ಕಚೇರಿಯೊಂದರಲ್ಲಿ ಕಾರಕೂನ.

ಮುರುಗೆಪ್ಪ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಇನ್‌ಫ್ಲುಯೆಂಜಾ ಬಂದ ವರ್ಷ ಪುಣೆಯಲ್ಲಿ ಹೆಣ ಎತ್ತುವವರು ಸಿಗದಾದಾಗ, ಗೂಳಪ್ಪನ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನು ಅವನೇ. ಕುಣಿಯ ಮುಂದೆ ನಿಂತು ಪ್ರಾರ್ಥನೆ ಮಾಡಿದವನೂ ಅವನೇ. ಆ ಗಡಿಬಿಡಿಯಲ್ಲಿ ಸಾವಂತ್ರವ್ವನ ಬಳೆಯ ನೆನಪು ಯಾರಿಗೂ ಆಗಲಿಲ್ಲ. ನೆನಪಿಸಬೇಕಾದ ಹೆಂಗಸರೆಲ್ಲ ತಮ್ಮ ತಮ್ಮ ಮನೆಯಲ್ಲಿ ಜ್ವರದಲ್ಲಿ ಬಿದ್ದಿದ್ದರು. ಅದೇ ವಾರ ಗಂಡನನ್ನು ಕಳೆದುಕೊಂಡ ಪಾರವ್ವ ಎಂಬ ಚಿಕ್ಕ ವಯಸ್ಸಿನವಳಿಗೆ ಮಾತ್ರ ಅತ್ತೆ ಗಟ್ಟಿಯಾಗಿದ್ದಳು. ಪಾರವ್ವನ ಕೈ ಆ ದಿನವೇ ಬರಿದಾಯಿತು.

ಸಾವಂತ್ರವ್ವನ ಕೈಯಲ್ಲಿ ಹಸಿರು ಬಳೆ ಹಾಗೇ ಉಳಿದವು. ಜ್ವರ ಇಳಿದು, ಜನ ಎದ್ದು ಓಡಾಡತೊಡಗಿದ ಮೇಲೆ ಎಲ್ಲರ ಕಣ್ಣು ಅವುಗಳ ಮೇಲೆ ಬಿತ್ತು.

ಪುನರುತ್ಥಾನದ ಹಬ್ಬ ಹತ್ತಿರ ಬಂದಾಗ ಒಂದು ಸಂಜೆ ಮುರುಗೆಪ್ಪ ಅವಳ ಖೋಲಿಗೆ ಬಂದ. ಜೊತೆಗೆ ಹೆಂಡತಿ ಶಿವಗಂಗವ್ವ, ಮತ್ತು ಸಭೆಯ ಇನ್ನೊಬ್ಬ ಹಿರಿಯ, ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸ ಮಾಡುವ ಕಾಡಪ್ಪ.

"ಸಾವಂತ್ರವ್ವಾ, ಹಬ್ಬಕ್ಕ ಬೋಧಕರು ಬರ್ತಾರ. ಕರ್ತನ ಭೋಜನ ಅದ," ಎಂದು ಮುರುಗೆಪ್ಪ ಶುರುಮಾಡಿದ.

"ಗೊತ್ತದ ರೀ. ಬಿಳಿ ಸೀರಿ ಒಗದು ಇಟ್ಟೇನಿ."

"ಸೀರಿ ಮಾತಲ್ಲ. ಕೈ ಮಾತು."

"ಕೈಗೆ ಏನಾಗೇದ? ಗಟ್ಟಿ ಅದಾವ."

ಮುರುಗೆಪ್ಪ ಹೆಂಡತಿಯ ಕಡೆ ನೋಡಿದ. ಅವಳು ಗೋಡೆಯ ಕಡೆ ನೋಡಿದಳು. "ಅವತ್ತ ಗಡಬಡದಾಗ ಆಗಲಿಲ್ಲ," ಎಂದ ಮುರುಗೆಪ್ಪ. "ಈಗರೆ ಬಳಿ ಹೆಚ್ಚಸಬೇಕಲ್ಲ."

"ಯಾಕ?"

"ಯಾಕ ಅಂದ್ರ? ಪದ್ಧತಿ."

"ಯಾರ ಪದ್ಧತಿ? ಏಸುಸ್ವಾಮೀದೇನ್ರಿ?"

ಕಾಡಪ್ಪ ಬಾಯಿ ಹಾಕಿದ. "ಎಲ್ಲಾದಕ್ಕೂ ಏಸುಸ್ವಾಮೀನ್ನ ಎಳೀಬ್ಯಾಡವಾ ತಂಗಿ. ಅಂವ ಗಂಡಸು. ಬಳಿ ವ್ಯವಹಾರ ಅವಗೇನ ಗೊತ್ತು?"

ಶಿವಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡ ಕಣ್ಣು ಕೆಕ್ಕರಿಸಿದ.

"ನಗೂ ಮಾತಲ್ಲ ಇದು," ಎಂದ ಅವನು. "ನೋಡವಾ, ಈ ಊರಾಗ ನಮ್ಮನ್ನ ಕುಲಗೆಟ್ಟವರು ಅಂತಾರ. ಮಾನ ಗಳಸಾಕ ಎಷ್ಟ ವರ್ಷ ಹೋದವು ನನಗ ಗೊತ್ತದ. ನಮ್ಮ ಹೆಣ್ಣಮಕ್ಕಳ ಲಗ್ನ ಆಗಬೇಕು. ಕಿರಿಸ್ತಾನರಾಗ ಗಂಡ ಹೋದಾಕಿ ಹಸರ ಬಳಿ ಝಣಝಣ ಮಾಡಕೋತ ಪೇಟ್ಯಾಗ ತಿರಗ್ತಾಳ ಅಂದ್ರ ಯಾವ ಮಂದಿ ನಮ್ಮ ಹೊಸ್ತಲಾ ತುಳೀತಾರ?"

"ಹಿರಿಯರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಣ್ಣಿನ ದಿನ ಕುಣಿ ಮುಂದ ನಿಂತು ನೀವು ಏನ ಅಂದ್ರಿ? ಗೂಳಪ್ಪ ಸತ್ತಿಲ್ಲ, ಕರ್ತನ ಹತ್ರ ಎಚ್ಚರ ಅದಾನ ಅಂದ್ರಿ. ಖರೇನೋ? ಇಲ್ಲಾ, ಹೆಣ್ಣಹೆಂಗಸು ಅಳಾಕತ್ತೇದ, ಸಮಾಧಾನ ಮಾಡೂಣು ಅಂತ ಅಂದ್ರಿ?"

"ಖರೇ ಅಂತನ ಅಂದೆ."

"ಹಂಗಾರ ಎಚ್ಚರ ಇದ್ದ ಗಂಡನ ಹೆಂಡತಿ ಬಳಿ ಯಾಕ ತಗೀಬೇಕು?"

"ಅದು ಬ್ಯಾರೆ, ಇದು ಬ್ಯಾರೆ."

"ಎಲ್ಲಿಂದ ಬ್ಯಾರೆ ಆಗ್ತದ ತೋರಸ್ರಿ. ಅಷ್ಟರ ತನಕ ಬರ್ತೀನಿ."

ಉತ್ತರ ಹೊಳೆಯದಾಗ ಗಂಡಸರು ಉಪದೇಶಕ್ಕೆ ಇಳಿಯುತ್ತಾರೆ, ಮುರುಗೆಪ್ಪನೂ ಇಳಿದ. "ಗಾಜಿನ ಮ್ಯಾಲ ಇಷ್ಟ ಜೀವಾ ಇಟ್ಟೀಯಲ್ಲ," ಎಂದ. "ಗಾಜು ನಿನ್ನ ರಕ್ಷಣಾ ಮಾಡ್ತದೇನು?"

"ಇಲ್ರಿ. ಹಾಕ್ಕೊಂಡ್ರ ರಕ್ಷಣಾ ಆಗೂದಿಲ್ಲ. ತಗದ್ರೂ ಆಗೂದಿಲ್ಲ. ಮತ್ತ ನೀವ್ಯಾಕ ಅದರ ಬೆನ್ನ ಹತ್ತೀರಿ?"

ಕಾಡಪ್ಪ ವ್ಯವಹಾರದ ಮನುಷ್ಯ. ಅವನು ನಡುವಿನ ದಾರಿ ಹುಡುಕಿದ. "ಹಬ್ಬದ ದಿನ ಅಷ್ಟ ತಗದು ಬಾ ತಂಗಿ. ಭೋಜನ ಮುಗದ ಮ್ಯಾಲ ಮನೀಗೆ ಹೋಗಿ ಬೇಕಾದ್ರ ಮೊಣಕೈ ತನಕಾ ಹಾಕ್ಕೋ. ನಿನಗೇನು ಬಳೀಗೆ ಬರಗಾಲ ಅದ ಏನು?"

ಸಾವಂತ್ರವ್ವ ಕೈಯ ಬಳೆ ತಿರುಗಿಸಿ ನೋಡಿಕೊಂಡಳು. ಬಳೆಗಾರ್ತಿಗೆ ಅದು ಕಷ್ಟದ ಕೆಲಸವಲ್ಲ. ಒಡೆಯದೆ ಜಾರಿಸಿ ತೆಗೆಯುವುದೂ ಅವಳಿಗೆ ಬರುತ್ತಿತ್ತು. ಆಮೇಲೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಅಣ್ಣಾ. ವರ್ಷಪೂರ್ತಿ ಗೂಳಪ್ಪ ಎಚ್ಚರ ಇದ್ದು, ಏಸು ಎದ್ದ ದಿನಾನ ಅಂವ ಸತ್ತಿರಬೇಕೇನು?"

ಮುರುಗೆಪ್ಪ ಎದ್ದು ನಿಂತ. "ಹಂಗಾರ ಕೇಳು. ರೊಟ್ಟಿ ಕೊಡೂದು ಬೋಧಕರ ಕೈಯಾಗ ಅದ. ದ್ರಾಕ್ಷಾರಸದ ಪಾತ್ರೆ ಹಿಡಿಯೂದು ನನ್ನ ಕೈಯಾಗ ಅದ. ಹಸರ ಬಳಿ ಕೈಗೆ ಅದು ಬರೂದಿಲ್ಲ."

ಅವರು ಹೋದಮೇಲೆ ಖೋಲಿಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ. ಅದು ಸಣ್ಣ ಮಾತಾಗಿರಲಿಲ್ಲ. ಸಾವಂತ್ರವ್ವನಿಗೆ ಓದಲು ಬರುತ್ತಿರಲಿಲ್ಲ. ಹಾಡುಗಳೂ ಅರ್ಧಮರ್ಧ. ಆದರೆ ಏಸುವಿನ ಕೊನೆಯ ಊಟದ ನೆನಪಿನ ಆ ಭೋಜನದ ದಿನ ಚಾಪೆಯ ಮೇಲೆ ಸಾಲಾಗಿ ಕುಳಿತು, ದ್ರಾಕ್ಷಾರಸದ ಪಾತ್ರೆ ಒಬ್ಬರಾದ ಮೇಲೆ ಒಬ್ಬರ ಮುಂದೆ ಬರುವಾಗ, ಅವಳಿಗೆ ಒಂದು ಸಂಗತಿ ಖಚಿತವಾಗಿ ತಿಳಿಯುತ್ತಿತ್ತು. ಈ ಪಂಕ್ತಿ ಇಲ್ಲಿಗೆ ಮುಗಿಯುವುದಿಲ್ಲ. ದೇವಾಲಯದ ಗೋಡೆ ದಾಟಿ ಅದು ಆಚೆಗೂ ಹೋಗಿದೆ, ಆಚೆಯ ತುದಿಯಲ್ಲಿ ಮಗಳು ಕುಳಿತಿದ್ದಾಳೆ, ಈಗ ಗೂಳಪ್ಪನೂ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ. ಬಳೆ ತೆಗೆದರೆ ಅವರು ಸತ್ತರೆಂದು ತಾನೇ ಸಾಕ್ಷಿ ಹೇಳಿದಂತೆ. ತೆಗೆಯದಿದ್ದರೆ ಅವರು ಕುಳಿತ ಪಂಕ್ತಿಯಿಂದ ತನ್ನನ್ನು ಎಬ್ಬಿಸುತ್ತಾರೆ. ಎರಡು ಕಡೆಯಿಂದಲೂ ಕಳೆದುಕೊಳ್ಳುವವಳು ತಾನೇ.

ಬಳೆಯ ವ್ಯಾಪಾರಕ್ಕಾಗಿ ಹಟ ಹಿಡಿದಿದ್ದಾಳೆ ಎಂದು ಚಾಳಿನಲ್ಲಿ ಕೆಲವರು ಆಡಿಕೊಂಡರು. ಅವರಿಗೆ ವ್ಯಾಪಾರ ಗೊತ್ತಿರಲಿಲ್ಲ. ರವಿವಾರ ಪೇಟೆಯ ಗಂಗೂಬಾಯಿ ಅವಳ ಹಳೆಯ ಗಿರಾಕಿ, ತನ್ನ ಮನೆಯ ಹೆಣ್ಣುಮಕ್ಕಳ ಬಳೆಗೆಲ್ಲ ಸಾವಂತ್ರವ್ವನೇ ಬೇಕೆನ್ನುತ್ತಿದ್ದವಳು. ಆ ವಾರ ಮಲಾರ ಹೊತ್ತು ಹೋದರೆ ಗಂಗೂಬಾಯಿ ಬಾಗಿಲಲ್ಲೇ ಕೈ ಅಡ್ಡ ಮಾಡಿದಳು. "ನಕೋ ಗ ಬಾಯಿ. ಮುಲೀಚಂ ಲಗ್ನ ಆಹೇ." ಮಗಳ ಮದುವೆ, ನೀನು ಬೇಡ ಎಂದಳು. ಅಷ್ಟಕ್ಕೇ ಬಿಡಲಿಲ್ಲ. ನಿನ್ನ ಕೈ ಬೋಳಾಗಿದ್ದರೆ ದೂರದಿಂದಲೇ ತಿಳಿದು ಬಾಗಿಲು ಹಾಕಿಕೊಳ್ಳುತ್ತಿದ್ದೆವು, ಹಸಿರು ಬಳೆ ಹಾಕಿಕೊಂಡು ಬಂದು ಜನರನ್ನು ಮೋಸಗೊಳಿಸುತ್ತೀಯಲ್ಲ ಎಂದೂ ಸೇರಿಸಿದಳು.

ಸಾವಂತ್ರವ್ವ ಮರಾಠಿಯಲ್ಲಿಯೇ, ಮಗಳು ಸುಖವಾಗಿರಲಿ ಎಂದು ಹೇಳಿ ಮೆಟ್ಟಿಲಿಳಿದಳು. ಅಂದಿನಿಂದ ಪೇಟೆಗಳ ಕಡೆ ಹೋಗುವುದು ಬಿಟ್ಟು ಲಷ್ಕರದ ಬಾಜಾರಿನಲ್ಲಿಯೇ ಕುಳಿತಳು. ಸಾಹೇಬರ ಮನೆಯ ಗೋವೆಯ ಆಯಾಗಳು, ಕಸಾಯಿಗಳ ಮನೆಯ ಬೀಬಿಗಳು, ಸಿಪಾಯಿಗಳ ಹೆಂಡಿರು ಬಂದು ಹೋಗುತ್ತಿದ್ದರು. ಬಳೆ ತೊಡಿಸುವವಳ ಗಂಡ ಬದುಕಿದ್ದಾನೋ ಇಲ್ಲವೋ ಎಂದು ಅವರು ಕೇಳುತ್ತಿರಲಿಲ್ಲ, ಬಳೆ ಬಿಗಿಯೋ ಸಡಿಲೋ ಎಂದು ಕೇಳುತ್ತಿದ್ದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅವಳು ಒರಳಿನ ಮುಂದೆ ಕುಳಿತು ಬಲಗೈಯನ್ನು ಕಲ್ಲಿನ ಅಂಚಿಗೆ ಇಟ್ಟು ನೋಡಿದಳು. ಒಂದು ಏಟು ಸಾಕು. ಪಾತ್ರೆ ಸಿಗುತ್ತದೆ, ಸಭೆ ಸಿಗುತ್ತದೆ, ಶಿವಗಂಗವ್ವ ಮೊದಲಿನಂತೆ ಉಪ್ಪಿನಕಾಯಿ ಕಳಿಸುತ್ತಾಳೆ. ಕೈ ಎತ್ತಿದಳು. ಎತ್ತಿದ ಕೈ ಹಾಗೇ ಇಳಿಸಿ, ಒರಳಿಗೆ ನೆನೆದ ಬೇಳೆ ಹಾಕಿ ರುಬ್ಬತೊಡಗಿದಳು.

ಹಬ್ಬಕ್ಕೆ ಬಂದವರು ಬೋಧಕ ಸಂಕಪ್ಪ, ಹೊಸಬರು. ಕಡಲ ಕಡೆಯವರು, ಮನೆಮಾತು ತುಳು. ಕನ್ನಡ ಅವರು ಮಿಶನ್ ಶಾಲೆಯಲ್ಲಿ ಕಲಿತದ್ದು. ಅಚ್ಚುಕಟ್ಟಾದ, ಇಸ್ತ್ರಿ ಮಾಡಿದಂಥ ಕನ್ನಡ. ಸ್ಟೇಶನ್ನಿಗೆ ಟಾಂಗಾ ತೆಗೆದುಕೊಂಡು ಹೋದವನು ಮುರುಗೆಪ್ಪ. ದಾರಿಯಲ್ಲಿ ಅವನು ವಿಷಯ ತೆಗೆದ. ಗಂಡ ತೀರಿಕೊಂಡ ಒಬ್ಬಾಕೆ ಇದ್ದಾಳೆ, ಆಕೆಯ ಬಳೆ ಹೆಚ್ಚಿಸಬೇಕೆಂಬುದು ಹಿರಿಯರ ಅಭಿಪ್ರಾಯ, ನಾವು ಹೇಳಿದರೆ ಕೇಳಲೊಲ್ಲಳು, ಅಯ್ಯನವರು ವೇದಿಕೆಯಿಂದ ಒಂದು ಮಾತು ಹೇಳಿದರೆ ಆದೀತು ಎಂದ. ಮನಸ್ಸಿನಲ್ಲಿದ್ದ ಮಾತನ್ನು ಬಿಚ್ಚಿ ಆಡಲು ಅವನ ನಾಲಿಗೆ ಆಗಲೂ ಒಪ್ಪಲಿಲ್ಲ. ಬೋಧಕರು ಕೇಳಿ ಬಹಳ ಸಂತೋಷಪಟ್ಟರು. ಅಷ್ಟು ಸಂತೋಷ ಯಾಕೆ ಎಂದು ಮುರುಗೆಪ್ಪ ಯೋಚಿಸಬೇಕಾಗಿತ್ತು, ಯೋಚಿಸಲಿಲ್ಲ.

ಮಧ್ಯಾಹ್ನ ದೇವಾಲಯ ತುಂಬಿತು. ಬಲಕ್ಕೆ ಗಂಡಸರ ಚಾಪೆ, ಎಡಕ್ಕೆ ಹೆಂಗಸರದು. ಸಾವಂತ್ರವ್ವ ಬಿಳಿ ಸೀರೆ ಉಟ್ಟು, ಎರಡೂ ಕೈ ತೊಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು, ತಾನು ಯಾವಾಗಲೂ ಕೂಡುವ ಜಾಗದಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಶಿವಗಂಗವ್ವ. ಚಾಪೆಯ ಕೊನೆಗೆ, ಗೋಡೆಗೆ ಒತ್ತಿಕೊಂಡು, ಬರಿಗೈಯ ಪಾರವ್ವ.

ಎದ್ದ ಕರ್ತನ ಬಗ್ಗೆ ಸಂಕಪ್ಪನವರು ಚೆನ್ನಾಗಿಯೇ ಬೋಧಿಸಿದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಪ್ರಿಯರೇ, ನಾನು ಅನೇಕ ಸಭೆಗಳನ್ನು ಕಂಡಿದ್ದೇನೆ. ಆದರೆ ಪುಣೆಯ ಹಿರಿಯರಷ್ಟು ವಿಶಾಲ ಹೃದಯದವರನ್ನು ಕಂಡಿಲ್ಲ. ಲೋಕವು ವಿಧವೆಯ ಕೈಯಿಂದ ಕಸಿದುಕೊಳ್ಳುತ್ತದೆ. ನಿಮ್ಮ ಹಿರಿಯರೋ, ನಮ್ಮ ಸಹೋದರಿ ಸಾವಂತ್ರವ್ವನ ಕೈಗೆ ಬಳೆಗಳನ್ನು ಇನ್ನೂ ಹೆಚ್ಚಿಸಬೇಕೆಂದು ನನ್ನಲ್ಲಿ ಕೇಳಿಕೊಂಡಿದ್ದಾರೆ! ಸಹೋದರಿ ಸಂಕೋಚದಿಂದ ಒಪ್ಪುತ್ತಿಲ್ಲವಂತೆ. ಅಮ್ಮಾ, ಸಂಕೋಚಪಡಬೇಡಿ. ಕೈ ತುಂಬ ಹಾಕಿಕೊಳ್ಳಿ."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು. ಕಾಡಪ್ಪ ತಲೆ ತಗ್ಗಿಸಿ, ಭುಜ ಅಲ್ಲಾಡಿಸುತ್ತ, ಕೆಮ್ಮು ಬಂದವನಂತೆ ಮಾಡಿದ. ಮುರುಗೆಪ್ಪನ ಮುಖ ಕೆಂಪಾಯಿತು. ಆದರೆ ಅವನು ಏಳಲಿಲ್ಲ. ಎದ್ದರೆ ಏನು ಹೇಳಬೇಕು? ಹೇಳಬೇಕಾದ ಮಾತು ಅದೊಂದೇ, ಅದನ್ನು ಆಡುವಂತಿಲ್ಲ.

"ಯವ್ವಾ, ಗೆದ್ದಿ ನೀನು," ಎಂದು ಹಿಂದಿನಿಂದ ಒಬ್ಬಾಕೆ ಸಾವಂತ್ರವ್ವನ ಬೆನ್ನಿಗೆ ತಿವಿದಳು. "ಸುಮ್ನ ಕುಂದ್ರು. ಅಯ್ಯನವರ ಬಾಯಿಂದ ಬಂದುಬಿಟ್ಟದ."

ಅದು ಸುಳ್ಳಲ್ಲ. ಸುಮ್ಮನಿದ್ದರೆ ಸಾಕಿತ್ತು. ಬೋಧಕರು ಸಭೆಯ ಮುಂದೆ ಹೇಳಿದ ಮಾತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರಿಗೂ ಆಗುತ್ತಿರಲಿಲ್ಲ. ಪಾತ್ರೆ ಬರುತ್ತಿತ್ತು, ಬಳೆಯೂ ಉಳಿಯುತ್ತಿದ್ದವು. ಬುದ್ಧಿವಂತಿಕೆಯ ದಾರಿ ಅದೇ, ಮತ್ತು ಸಾವಂತ್ರವ್ವ ಬುದ್ಧಿಗೆ ಕಡಿಮೆಯವಳಲ್ಲ. ಆದರೆ ಅವಳ ಕಣ್ಣು ಚಾಪೆಯ ಕೊನೆಗೆ ಹೋಯಿತು. ಪಾರವ್ವ ಬೋಧಕರ ಮಾತು ಕೇಳಿ ತನ್ನ ಬರಿಗೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ಒಬ್ಬ ಬೋಧಕನ ತಪ್ಪು ತಿಳಿವಳಿಕೆಯಿಂದ ತಾನು ಬಚಾವಾಗಬಹುದು. ಪಾರವ್ವನಿಗೆ ಅದರಿಂದ ಏನು ಬಂತು? ತನಗಾದರೂ ಏನು ಬಂತು? ಗೂಳಪ್ಪ ಎಚ್ಚರವಿದ್ದಾನೆ ಎಂಬುದು ಖರೆಯಾದರೆ ಅದನ್ನು ಕದ್ದು ನಂಬಬೇಕಾದ ಅಗತ್ಯವಿರಲಿಲ್ಲ.

ಅವಳು ಎದ್ದು ನಿಂತಳು. ಆ ಸಭೆಯಲ್ಲಿ ಆರಾಧನೆಯ ನಡುವೆ ಹೆಂಗಸೊಬ್ಬಳು ಎದ್ದು ಮಾತಾಡಿದ್ದು ಅದೇ ಮೊದಲು.

"ಅಯ್ಯಾವ್ರ, ನಿಮಗ ತಪ್ಪ ತಿಳದದ ರೀ. ನಮ್ಮ ಕಡೆ ಬಳಿ ಹೆಚ್ಚಸೂದು ಅಂದ್ರ ಹೊಸಾವ ಹಾಕೂದಲ್ಲ. ಇದ್ದಾವನ್ನ ಒಡಿಯೂದು."

ಒಡೆಯುವುದು ಎಂಬ ಮಾತು ಬಿದ್ದದ್ದೇ ಹೆಂಗಸರ ಸಾಲಿನಲ್ಲಿ ಬಳೆಗಳು ಸದ್ದಾದವು. ಗಂಡಂದಿರಿದ್ದವರೆಲ್ಲ ಗಬಕ್ಕನೆ ಒಂದು ಕೈಯಿಂದ ಇನ್ನೊಂದು ಕೈ ಮುಚ್ಚಿಕೊಂಡಿದ್ದರು. ಶಿವಗಂಗವ್ವನೂ.

ಸಂಕಪ್ಪನವರು ಕನ್ನಡಕ ಹಾಕಿಕೊಂಡರು. "ಏನಂದಿರಿ?"

"ಒಡಿಯೂದು ರೀ. ಗಂಡ ಸತ್ತಾನ, ಬಳಿ ಒಡಿ ಅಂತ ಹಿರಿಯರ ಹುಕುಂ. ಒಡೀದಿದ್ರ ಪಾತ್ರೆ ಇಲ್ಲ ಅಂದಾರ. ನಾ ಒಡಿಯಾಕಿ ಅಲ್ಲ. ಪಾತ್ರೆನೂ ಬಿಡಾಕಿ ಅಲ್ಲ. ನಿಮ್ಮ ತಪ್ಪಿನ ಮರಿಯಾಗ ಕೂತು ಕುಡದ್ರ ನನಗ ಒಳಗ ಇಳಿಯೂದಿಲ್ಲ, ಅದಕ್ಕ ಹೇಳ್ದೆ."

"ಸಾವಂತ್ರವ್ವಾ, ಕುಂದ್ರು!" ಮುರುಗೆಪ್ಪ ಎದ್ದ. "ದೇವರ ಮನ್ಯಾಗ ಅಪಶಕುನದ ಮಾತು ಆಡ್ತೀಯಲ್ಲ!"

"ಶಕುನ, ಅಪಶಕುನ! ಅವನ್ನೆಲ್ಲಾ ಬಿಟ್ಟೇವಿ ಅಂತ ದೀಕ್ಷಾಸ್ನಾನದಾಗ ನೀರಿನ್ಯಾಗ ನಿಂತು ಹೇಳ್ಲಿಲ್ಲೇನ್ರಿ? ನಾನರೆ ಹೇಳೇನಿ." ಅವಳ ದನಿ ಏರಲಿಲ್ಲ. "ಹಿರಿಯರ, ನೀವ ದೊಡ್ಡವರು. ನಿಮ್ಮ ಹುಕುಂ ಏನದ ಅದನ್ನ ನೆಟ್ಟಗ ಹೇಳ್ರಿ. 'ಸಾವಂತ್ರವ್ವಾ, ಬಳಿ ಒಡಿ.' ಇಷ್ಟ ಹೇಳ್ರಿ, ಸಭಾ ಕೇಳ್ಲಿ. ನೀವ ಬಾಯಿ ಬಿಟ್ಟು ಅಂದ್ರ ನಾ ಇಲ್ಲೇ ಈ ಕಂಬಕ್ಕ ಕುಟ್ಟತೀನಿ."

ಇದು ಹುಚ್ಚು ಪಣ ಎಂದು ಯಾರಿಗಾದರೂ ಅನಿಸಬಹುದು. ಆದರೆ ಸಾವಂತ್ರವ್ವನಿಗೆ ಹೆದರಿದ ಕೈಗಳ ಗುರುತಿತ್ತು. ಮುರುಗೆಪ್ಪ ಬಾಯಿ ತೆರೆದ. ಅವನ ಕಣ್ಣು ಸಾವಂತ್ರವ್ವನ ಪಕ್ಕದಲ್ಲಿ ಕುಳಿತ ತನ್ನ ಹೆಂಡತಿಯ ಮೇಲೆ ಬಿತ್ತು. ಶಿವಗಂಗವ್ವ ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡು, ಬಿಳಿಚಿದ ಮುಖದಿಂದ, ಬೇಡ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದಳು. ಆ ಮಾತು ತನ್ನ ಬಾಯಿಂದ ಹೊರಟರೆ ಎಲ್ಲಿ ಹೋಗಿ ತಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸಾವಿಗೆ ಹೆದರಬೇಡಿರೆಂದು ವಾರವಾರ ಪ್ರಾರ್ಥನೆ ನಡೆಸುವ ಮನುಷ್ಯ ಎರಡು ಶಬ್ದಕ್ಕೆ ಹೆದರಿ ನಿಂತಿದ್ದ. ತೆರೆದ ಬಾಯಿ ಮುಚ್ಚಿ ಕುಳಿತುಬಿಟ್ಟ.

"ಬರವೊಲ್ದು ಅಲ್ಲೇನ್ರಿ?" ಎಂದಳು ಸಾವಂತ್ರವ್ವ. ಈಗ ಅವಳ ದನಿಯಲ್ಲಿ ಕುಹಕವಿರಲಿಲ್ಲ. "ನನಗೂ ಮೊದಲ ಬರತಿರಲಿಲ್ಲ. ಗೂಳಪ್ಪ ಹೋದ ಮ್ಯಾಲ ಬಾಯಿ ರೂಢಿ ಮಾಡಿಸೇನಿ. ಅದು ಬರೇ ಗಾಜು ರೀ. ಹೆದರಕೀನ ಒಳಗ ಇಟಕೊಂಡು ಹೆಣ್ಣಮಕ್ಕಳ ಕೈ ಮಾತ್ರ ಬರಿದು ಮಾಡಿದ್ರ ಯಾರ ಗೆದ್ದಂಗಾತು? ಸಾವ ಗೆದ್ದಂಗಾತು. ಅದಕ್ಕ ನಾ ಹೂಂ ಅನ್ನೂದಿಲ್ಲ. ಇವತ್ತಂತೂ ಅನ್ನೂದಿಲ್ಲ." ಹೇಳಿ, ಸೀರೆ ಸರಿಮಾಡಿಕೊಂಡು ಕುಳಿತಳು.

ಎಲ್ಲರೂ ಬೋಧಕರ ಕಡೆ ನೋಡಿದರು. ಸಂಕಪ್ಪನವರು ತರುಣರು, ಆ ಸಭೆಗೆ ಹೊಸಬರು, ರಾತ್ರಿಯ ಊಟ ಮುರುಗೆಪ್ಪನ ಮನೆಯಲ್ಲಿ. ಅವರು ಮೇಜಿನ ಮೇಲಿದ್ದ ರೊಟ್ಟಿಯನ್ನು ಕೈಗೆ ತೆಗೆದುಕೊಂಡರು.

"ನಾನು ತಪ್ಪು ತಿಳಿದುಕೊಂಡೆ," ಎಂದರು. "ಆದರೆ ನಾನು ತಿಳಿದುಕೊಂಡದ್ದೇ ಸರಿಯಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ರೊಟ್ಟಿ ನನ್ನ ಕೈಯಲ್ಲಿದೆ, ನಾನು ಕೊಡುತ್ತೇನೆ. ಪಾತ್ರೆ ಈ ಸಭೆಯ ಹಿರಿಯರ ಕೈಯಲ್ಲಿದೆ. ಅದನ್ನು ನಾನು ಕಸಿದುಕೊಳ್ಳುವುದಿಲ್ಲ. ಅವರೇ ಕರ್ತನಿಗೆ ಉತ್ತರ ಹೇಳಲಿ."

ಅರ್ಧ ಧೈರ್ಯ. ಆದರೆ ಅರ್ಧವಾದರೂ ಇತ್ತು.

ಅವರು ರೊಟ್ಟಿ ಮುರಿದರು. ಗಂಡಸರ ಸಾಲು ಮುಗಿಯಿತು. ಹೆಂಗಸರ ಕಡೆ ಬಂದರು. ಸಾವಂತ್ರವ್ವ ಚಾಚಿದ ಅಂಗೈಗೆ ರೊಟ್ಟಿಯ ತುಣುಕು ಬಿತ್ತು. ಹಿಂದೆಯೇ ಮುರುಗೆಪ್ಪ, ಬೆಳ್ಳಿಯ ಪಾತ್ರೆ ಎರಡೂ ಕೈಯಲ್ಲಿ ಹಿಡಿದು. ಅವನು ಅವಳ ಮುಂದೆ ನಿಂತ. ಅವಳು ಕೈ ಚಾಚಿದಳು. ಬಳೆಗಳು ಮೊಣಕೈ ಕಡೆಗೆ ಜಾರಿದವು. ಅವನು ಅವುಗಳನ್ನು ನೋಡಿದ, ಅವಳ ಮುಖ ನೋಡಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಪಾತ್ರೆಯನ್ನು ಹೆಂಡತಿಯ ಮುಂದೆ ಹಿಡಿದ.

ಸಾವಂತ್ರವ್ವ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಶಿವಗಂಗವ್ವ ಪಾತ್ರೆ ತೆಗೆದುಕೊಂಡಳು. ತುಟಿಗೆ ಹಚ್ಚಲಿಲ್ಲ. ಬೆಳ್ಳಿಗೆ ಬಳೆ ತಾಗಿ ಟಿಣ್ಣೆಂದಿತು. ಇಪ್ಪತ್ತು ವರ್ಷ ಆ ಮನುಷ್ಯನ ಮುಂದೆ ಅವಳು ಎದುರುತ್ತರ ಕೊಟ್ಟವಳಲ್ಲ; ಗೋಡೆ ನೋಡುವುದು, ಸೆರಗು ಬಾಯಿಗೆ ಒತ್ತಿಕೊಳ್ಳುವುದು, ಅಷ್ಟೇ. ಅವಳು ಪಾತ್ರೆಯನ್ನು ಪಕ್ಕಕ್ಕೆ ತಿರುಗಿಸಿ ಸಾವಂತ್ರವ್ವನ ಕೈಗೆ ಇಟ್ಟಳು.

"ಏ," ಎಂದ ಮುರುಗೆಪ್ಪ, ಬಹಳ ಮೆಲ್ಲಗೆ.

"ಇರ್ರಿ," ಎಂದಳು ಶಿವಗಂಗವ್ವ. "ಆಕೀದು ಪಾಳಿ ಮೊದಲದ. ಸಾಲ ತಪ್ಪಿಸಬ್ಯಾಡ್ರಿ."

ಸಾವಂತ್ರವ್ವ ಕುಡಿದಳು. ಕಣ್ಣು ಮುಚ್ಚಲಿಲ್ಲ. ಪಾತ್ರೆ ಮರಳಿ ಶಿವಗಂಗವ್ವನಿಗೆ ಕೊಟ್ಟಳು, ಶಿವಗಂಗವ್ವ ಕುಡಿದು ಮುಂದಿನವಳಿಗೆ ಕೊಟ್ಟಳು, ಅವಳು ಅದರ ಮುಂದಿನವಳಿಗೆ. ಒಬ್ಬಿಬ್ಬರು ಸಾವಂತ್ರವ್ವನ ಬಾಯಿ ತಾಗಿದ ಅಂಚನ್ನು ಸೆರಗಿನಿಂದ ಒರೆಸಿ ಕುಡಿದರು. ಆದರೆ ಕುಡಿಯದೆ ಯಾರೂ ದಾಟಿಸಲಿಲ್ಲ. ಮುರುಗೆಪ್ಪ ಬರಿಗೈಯಲ್ಲಿ ಸಾಲಿನ ಗುಂಟ ನಡೆದ. ಪಾತ್ರೆ ಅವನಿಗಿಂತ ಎರಡು ಕೈ ಮುಂದೆಯೇ ಹೋಗುತ್ತಿತ್ತು.

ಕೊನೆಗೆ ಅದು ಪಾರವ್ವನ ಹತ್ತಿರ ಬಂತು. ಅವಳು ಸೆರಗಿನಿಂದ ಕೈ ಹೊರಗೆ ತೆಗೆಯಲೇಬೇಕಾಯಿತು. ತೆಗೆದಳು. ಕುಡಿದು, ತಲೆ ಎತ್ತಿ, ಗೋಡೆಯ ಹತ್ತಿರ ಕಾಯುತ್ತಿದ್ದ ಹಿರಿಯನಿಗೆ ಪಾತ್ರೆ ಚಾಚಿದಳು.

ಆ ಸಭೆಯಲ್ಲಿ ಕಡೆಗೆ ಕುಡಿದು ಪಾತ್ರೆ ಖಾಲಿ ಮಾಡಬೇಕಾದವನು ಅದನ್ನು ಹಿಡಿದ ಹಿರಿಯನೇ. ಮುರುಗೆಪ್ಪ ಅದನ್ನು ತೆಗೆದುಕೊಂಡು ಒಳಗೆ ನೋಡಿದ. ಮೇಜಿನ ಹತ್ತಿರ ಬೋಧಕರು ಕಾಯುತ್ತಿದ್ದರು. ಕಾಡಪ್ಪ ಈಗ ಕೆಮ್ಮುತ್ತಿರಲಿಲ್ಲ. ಎಲ್ಲರಿಗೂ ಒಂದೇ ಯೋಚನೆ: ಇವನು ಕುಡಿಯುತ್ತಾನೋ, ಚೆಲ್ಲುತ್ತಾನೋ?

ಅವನು ತುಟಿಗೆ ಹಚ್ಚಿದ. ಒಂದು ಗುಟುಕು ಕುಡಿದು ಪಾತ್ರೆ ಇಳಿಸಿದ.

"ಹಿರಿಯರ," ಎಂದು ಸಾವಂತ್ರವ್ವ ತನ್ನ ಜಾಗದಿಂದಲೇ ಕರೆದಳು, ಬಾಜಾರಿನಲ್ಲಿ ಗಿರಾಕಿಯನ್ನು ಕರೆಯುವ ದನಿಯಲ್ಲಿ. "ತಳದಾಗ ಇನ್ನೂ ಅದ. ಪೂರ್ತಿ ಕುಡೀರಿ, ಬಿಡಬ್ಯಾಡ್ರಿ."